ಸತ್ತವನ ರುಜು

ಶಿವಮೂರ್ತಿ ತೀರಿಕೊಂಡ ಹದಿನೇಳನೆಯ ದಿನ ಫೈನಾನ್ಸ್ ಕಂಪನಿಯ ರಂಗನಾಯಕ ಜೆರಾಕ್ಸ್ ಅಂಗಡಿಯ ಮುಂದೆ ಬೈಕು ನಿಲ್ಲಿಸಿದ. ನಂಜನಗೂಡಿನ ತಾಲ್ಲೂಕು ಕಚೇರಿಯ ಎದುರಿನ ಅಂಗಡಿ ಅದು. ಪಹಣಿಗೆ, ಜಾತಿ ಪತ್ರಕ್ಕೆ, ಅರ್ಜಿ ಬರೆಸುವುದಕ್ಕೆ ಬಂದವರು ಆ ಹೊತ್ತಿನಲ್ಲಿ ಹತ್ತು ಹನ್ನೆರಡು ಜನ ನಿಂತಿದ್ದರು. ಅವರೆಲ್ಲರ ತಲೆಯ ಮೇಲಿಂದ ಅವನು ಒಳಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದ ಶಿವಮೂರ್ತಿಯ ಹೆಂಡತಿ ವನಿತಾಳನ್ನು ಕರೆದ.

"ಓದ ತಿಂಗಳ ಕಂತು ನಿಂತೋಗದೆ ಕಣಮ್ಮ. ಮನುಷ್ಯ ಓದ್ರೂ ಸಾಲ ಓಗಲ್ಲ. ಡೆತ್ ಸರ್ಟಿಫಿಕೇಟ್‌ದು ಒಂದು ಜೆರಾಕ್ಸ್ ಕೊಡಿ, ಆಫೀಸ್ಗೆ..."

"ಗಾಡಿ ಎಳಕೊಂಡೋಗಕ್ಕೆ ಅದೊಂದು ಕಾಗ್ದ ಬೇಕಾ ನಿಮ್ಗೆ? ಕೊಡಲ್ಲ, ಓಗಿ" ಎಂದಳು ವನಿತಾ.

ಅವನು ಮತ್ತೇನೋ ಹೇಳಲು ಬಾಯಿ ತೆರೆದ. ಅವಳು ಮುಖವನ್ನು ಪರದೆಯ ಕಡೆ ತಿರುಗಿಸಿಕೊಂಡಳು. ಅರ್ಜಿ ಟೈಪು ಮಾಡಿಸುತ್ತಿದ್ದ ಮುದುಕನೊಬ್ಬ ಅವಳ ಬೋಳು ಕೈಗಳನ್ನು ನೋಡಿ "ಅಯ್ಯೋ ಪಾಪ" ಎಂದ. ರಂಗನಾಯಕನ ಮಾತಿಗಿಂತ ಆ ಪಾಪ ಅನ್ನುವ ಮಾತನ್ನು ನುಂಗಿಕೊಳ್ಳುವುದೇ ಅವಳಿಗೆ ಕಷ್ಟವಾಯಿತು.

ಗಾಡಿಯೆಂದರೆ ಬಿಳಿಯ ಪಿಕಪ್. ಶಿವಮೂರ್ತಿ ಅದರಲ್ಲಿ ಬಾಳೆಗೊನೆ, ತರಕಾರಿ ತುಂಬಿಕೊಂಡು ಮೈಸೂರಿಗೆ ಹೋಗಿಬರುತ್ತಿದ್ದ. ಫೆಬ್ರವರಿ ಇಪ್ಪತ್ತಾರರ ಬೆಳಿಗ್ಗೆ ಬಂಡೀಪಾಳ್ಯದ ಮಾರುಕಟ್ಟೆಯಲ್ಲಿ ಲೋಡು ಇಳಿಸಿ, ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಗಾಡಿ ಅವನ ಹೆಸರಿನಲ್ಲಿತ್ತು. ಸಾಲಕ್ಕೆ ಜಾಮೀನು ಚಿಕ್ಕಯ್ಯನಛತ್ರದಲ್ಲಿದ್ದ ಅವನ ತಾಯಿ ಮಾದಮ್ಮನದು. ಅವಳ ಹೆಸರಿನಲ್ಲಿ ಮೂವತ್ತು ಗುಂಟೆ ಜಮೀನಿತ್ತು. ಬಾಡಿಗೆ ಸಿಗದ ತಿಂಗಳುಗಳಲ್ಲಿ ಕಂತು ಕಟ್ಟಿದವಳು ಮಾತ್ರ ವನಿತಾ. ಅವಳ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ತಿಥಿಯ ದಿನ ಎಲ್ಲರೆದುರು ಮಾದಮ್ಮ, "ಕಂತು ಕಂತು ಅಂತ ಓಡಿಸಿ ಓಡಿಸಿ ನನ್ ಮಗನ್ನ ತಿಂದ್ಕಂಡೆ ಕಣೇ" ಅಂದಿದ್ದಳು. ಆಮೇಲೆ ವನಿತಾ ಆ ಊರಿನ ಬಸ್ಸು ಹತ್ತಲಿಲ್ಲ.

ರಂಗನಾಯಕ ಇನ್ನೂ ಎರಡು ಸಲ ಬಂದ. ಮೇ ತಿಂಗಳು ಕಳೆದ ಮೇಲೆ ಬರುವುದನ್ನೇ ನಿಲ್ಲಿಸಿದ. ಫೋನೂ ನಿಂತಿತು. ಗಾಡಿ ಹಿಡಿಯುವವರು ಹೇಳದೆ ಕೇಳದೆ ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಈ ಮೌನವೂ ಅಂಥದ್ದೇ ತಯಾರಿ ಎಂದುಕೊಂಡು ಅವಳು ಗಾಡಿಯನ್ನು ದೇವೀರಮ್ಮನಹಳ್ಳಿ ಕಡೆಯ ಪರಿಚಯದವರ ಶೆಡ್ಡಿನಲ್ಲಿ ನಿಲ್ಲಿಸಿದಳು.

ಆಗಸ್ಟಿನಲ್ಲಿ ಅಂಗಡಿಯ ಯಜಮಾನ ನಾಗೇಂದ್ರ ಅಂಗಡಿ ಬಿಟ್ಟುಕೊಡುವ ಮಾತೆತ್ತಿದ. ಅವನಿಗೆ ಮಂಡಿನೋವು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. "ಮಿಷನ್ನು, ಕಂಪ್ಯೂಟ್ರು, ಅಡ್ವಾನ್ಸು ಎಲ್ಲಾ ಸೇರ್ಸಿ ನಾಕು ಲಕ್ಷ ಕೊಡು ತಾಯಿ. ಹದ್ನಾಲ್ಕು ವರ್ಷದಿಂದ ನೀನೇ ನಡೆಸಿರೋದು. ಇಲ್ಲಾಂದ್ರೆ ದೀಪಾವಳಿ ಹೊತ್ಗೆ ಬೇರೆಯವ್ರಿಗೆ ಕೊಟ್ಬುಡ್ತೀನಿ" ಎಂದ.

ಅದೇ ವಾರ ಒಬ್ಬ ಲಾರಿ ಮಾಲೀಕ ಜೆರಾಕ್ಸಿಗೆ ಬಂದ. ಅವನ ಕೈಯಲ್ಲಿದ್ದುದು ಅದೇ ಕಂಪನಿಯ, ಅದೇ ಶಾಖೆಯ ಪತ್ರ: ಸಾಲ ಪೂರ್ತಿ ತೀರಿದೆ, ವಾಹನದ ಮೇಲೆ ನಮ್ಮ ಹಕ್ಕು ಏನೂ ಉಳಿದಿಲ್ಲ. ವನಿತಾ ಅವನಿಗೆ ಎರಡು ಪ್ರತಿ ತೆಗೆದುಕೊಟ್ಟಳು. ಮೂರನೆಯದನ್ನು ಸ್ಕ್ಯಾನರಿನಲ್ಲಿ ಉಳಿಸಿಕೊಂಡಳು.

ಉಳಿದದ್ದನ್ನು ಅವಳು ಹದಿನೈದು ದಿನ ಯೋಚಿಸಿದಳು.

ಅವಸರದ ಕಳ್ಳರೆಲ್ಲ ಒಂದೇ ತಪ್ಪು ಮಾಡುತ್ತಾರೆಂದು ಅವಳಿಗೆ ಕಂಡಿತು. ಸುಳ್ಳು ಪತ್ರ ಹೊರಬೀಳಬಾರದೆಂದು ಅವರು ಹರಕೆ ಹೊರುತ್ತಾರೆ. ಆದರೆ ಹೊರಬಿದ್ದೇ ಬೀಳುತ್ತದೆ. ಮೈಸೂರಿನ ಆರ್‌ಟಿಒ ಕಚೇರಿಯವರು ಕಂಪನಿಯನ್ನು ಕೇಳುತ್ತಾರೆ, ಕಂಪನಿ ಇಲ್ಲವೆನ್ನುತ್ತದೆ, ಕೊಂಡವನು ಪೊಲೀಸರ ಬಳಿ ಹೋಗುತ್ತಾನೆ. ಹಾಗಾಗಿ ಪತ್ರ ಸಿಕ್ಕಿಬೀಳುವುದನ್ನು ಅವಳು ತನ್ನ ಲೆಕ್ಕದೊಳಗೇ ಸೇರಿಸಿಕೊಂಡಳು. ಸಿಕ್ಕಿಬೀಳಬೇಕಾದವನು ಶಿವಮೂರ್ತಿ. ಪತ್ರದ ಮೇಲೆ ಫೆಬ್ರವರಿ ಹತ್ತು ಎಂದು ಹಾಕಿದರೆ ಆಯಿತು. ಗಾಡಿ ಮಾರುವ ಮನಸ್ಸು ಮಾಡಿ, ಎಲ್ಲೋ ಯಾರಿಂದಲೋ ಸುಳ್ಳು ಕಾಗದ ಮಾಡಿಸಿ, ಮಾರುವ ಮೊದಲೇ ಸತ್ತುಹೋದ ಡ್ರೈವರ್. ಅವನನ್ನು ಯಾವ ಠಾಣೆಯೂ ಕರೆಸಿ ಕೇಳಲಾರದು. ಅವನ ಹೆಂಡತಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಯಾರು ನಂಬುತ್ತಾರೆ? ಹೆಂಗಸರಿಗೆ ಗಾಡಿಯ ವ್ಯವಹಾರ ತಿಳಿಯುವುದಿಲ್ಲ ಎಂಬ ಮಾತನ್ನು ಅವಳು ಹದಿನಾಲ್ಕು ವರ್ಷ ಆ ಕೌಂಟರಿನಲ್ಲಿ ನಿಂತು ಕೇಳಿದ್ದಳು. ಒಮ್ಮೆಯಾದರೂ ಅದು ಉಪಯೋಗಕ್ಕೆ ಬರಲಿ.

ಒಂದು ಭಾನುವಾರ, ಅಂಗಡಿಗೆ ರಜೆ ಇದ್ದಾಗ, ಅವಳು ಬೀಗ ತೆಗೆದು ಕೆಲಸಕ್ಕೆ ಕುಳಿತಳು. ಹೆಸರು, ಗಾಡಿ ನಂಬರು, ಸಾಲದ ನಂಬರು, ತಾರೀಕು ಬದಲಾದವು. ಕೆಳಗೆ ಶಾಖಾ ವ್ಯವಸ್ಥಾಪಕರು ಎಂಬ ಮೊಹರು, ಅದರ ಮೇಲೆ ಕೋಳಿ ಕೆದಕಿದಂತೆ ಒಂದು ರುಜು. ಯಾರದೆಂದು ಓದಲು ಬರುವಂತಿರಲಿಲ್ಲ. ಅದನ್ನು ಹಾಗೇ ಎತ್ತಿ ಕೂರಿಸಿದಳು. ಮಾರಾಟದ ಫಾರಂಗಳ ಮೇಲೆ ಗಂಡನ ರುಜು ಅವಳೇ ಹಾಕಿದಳು. ಅದಕ್ಕೆ ಅಭ್ಯಾಸ ಬೇಕಿರಲಿಲ್ಲ. "ನೀನೇ ಆಕ್ಬುಡು, ನಿನ್ ಅಕ್ಸರ ಚೆಂದಾಗದೆ" ಎಂದು ಅವನು ಬ್ಯಾಂಕಿನ ಚೀಟಿಯಿಂದ ರೇಷನ್ ಅರ್ಜಿಯವರೆಗೆ ಎಲ್ಲವನ್ನೂ ಅವಳ ಮುಂದೆ ತಳ್ಳುತ್ತಿದ್ದ. ಕೊನೆಯ ಫಾರಂಗೆ ಬಂದಾಗ ಅವಳ ಕೈ ಸ್ವಲ್ಪ ನಿಂತಿತು. ಬದುಕಿದ್ದಾಗ ಅವನು ಯಾರ ಒಂದು ಬಾಳೆಹಣ್ಣನ್ನೂ ಕೇಳದೆ ಮುಟ್ಟಿದವನಲ್ಲ. ಈಗ ಅವನು ಮೋಸಗಾರನಾಗುತ್ತಿದ್ದ. ಸತ್ತವನಿಗೆ ಮಾನವೇನು ಎಂದುಕೊಂಡು ರುಜು ಮುಗಿಸಿದಳು.

ಫೈಲನ್ನು ಅಳಿಸಿದಳು. ಪತ್ರವನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಬೆವರಿನ ಕೈಯಲ್ಲಿ ಸವರಿ, ಮತ್ತೆ ಮಡಿಸಿದಳು. ಆಮೇಲೆ ಶೆಡ್ಡಿಗೆ ಹೋಗಿ ಗಾಡಿಯ ಡ್ಯಾಶ್‌ಬೋರ್ಡಿನೊಳಗೆ, ಇನ್ಶೂರೆನ್ಸು, ಹೊಗೆ ತಪಾಸಣೆಯ ಚೀಟಿಗಳಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಅದನ್ನೂ ಫಾರಂಗಳನ್ನೂ ತುರುಕಿದಳು. ತನ್ನ ಕೈಯಾರೆ ಅದನ್ನು ಯಾರಿಗೂ ಕೊಡುವುದಿಲ್ಲ. ಕೊಳ್ಳುವವನೇ ಹುಡುಕಿ ತೆಗೆಯಬೇಕು.

ಜಮೀನಿನ ವಿಷಯ ಅವಳಿಗೆ ಹೊಳೆಯದೆ ಇರಲಿಲ್ಲ. ಗಾಡಿ ಕೈತಪ್ಪಿದರೆ ಕಂಪನಿ ಕೊನೆಗೆ ತಟ್ಟುವುದು ಜಾಮೀನುದಾರಳ ಬಾಗಿಲನ್ನು. ಆ ಯೋಚನೆ ಬಂದಾಗಲೆಲ್ಲ ಅವಳು ತಿಥಿಯ ದಿನದ ಮಾತನ್ನು ನೆನಪಿಸಿಕೊಂಡಳು.

ಫೋನಿನಲ್ಲಿ ಜಾಹೀರಾತು ಹಾಕಿದ ಮೇಲೆ ಮೊದಲು ಬಂದ ಮೂರು ಕರೆಗಳು ನಂಜನಗೂಡಿನ ಸುತ್ತಲಿನವು. ಅವರಿಗೆಲ್ಲ, ಗಾಡಿ ಆಗಲೇ ಮಾರಿಹೋಗಿದೆ ಎಂದಳು. ನಾಲ್ಕನೆಯದು ಟಿ. ನರಸೀಪುರದ ಹತ್ತಿರದ ಸೋಸಲೆಯಿಂದ. ಸಣ್ಣಯ್ಯ ಎಂಬ ರೈತ, ಐವತ್ತು ದಾಟಿದವನು, ಬದನೆ ಮತ್ತು ಎಳನೀರಿನ ವ್ಯಾಪಾರ. ಶಿವಮೂರ್ತಿಯನ್ನು ಕಂಡವನಲ್ಲ, ಕೇಳಿದವನಲ್ಲ. ಅವನು ಬಂದು ಗಾಡಿಯನ್ನು ಎರಡು ಸುತ್ತು ಬಂದ, ಟೈರು ಒದ್ದು ನೋಡಿದ, ಹಿಂದೆ ಬರೆದಿದ್ದ 'ಅವ್ವನ ಆಶೀರ್ವಾದ' ಎಂಬುದನ್ನು ಅಕ್ಷರ ಕೂಡಿಸಿ ಓದಿದ.

"ಸಾಲಗೀಲ ಏನೂ ಇಲ್ವೇನವ್ವ ಇದ್ರ ಮ್ಯಾಲೆ?"

"ನಂಗೆ ಅದೆಲ್ಲ ಗೊತ್ತಾಗಲ್ಲ ಅಣ್ಣ. ತೀರ್ಸಿದೀನಿ, ಮಾರ್ಬುಡ್ತೀನಿ ಅಂತಿದ್ರು. ಅಷ್ಟರಲ್ಲಿ ಇಂಗಾಯ್ತು. ಕಾಗ್ದಪತ್ರ ಎಲ್ಲಾ ಗಾಡಿಯಲ್ಲೇ ಮಡಗೋರು, ನೀವೇ ನೋಡಿ."

ಸಣ್ಣಯ್ಯ ಹುಡುಕಿದ. ಪತ್ರ ತೆಗೆದು ಬಿಸಿಲಿಗೆ ಹಿಡಿದ. "ಇದೇ ಅಲ್ವಾ ಸಾಲ ತೀರಿದ್ದು? ಮೊಹರೈತಲ್ಲ. ಪುಣ್ಯಾತ್ಮ, ಎಲ್ಲಾನೂ ಸರ್ಯಾಗಿ ಮಾಡಿಟ್ಟೇ ಓಗವ್ನೆ" ಎಂದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಚೌಕಾಸಿ ಮಾಡಲಿಲ್ಲ. "ಗಂಡ ಸತ್ತ ಮನೇಲಿ ಬೆಲೆ ಕಟ್ಬಾರ್ದು" ಎಂದು ಅವಳು ಕೇಳಿದ ನಾಲ್ಕು ಲಕ್ಷ ಇಪ್ಪತ್ತು ಸಾವಿರಕ್ಕೇ ಒಪ್ಪಿದ. ಅವಳು ಚೆಕ್ಕನ್ನೇ ಕೇಳಿ ಪಡೆದಳು. ಕದ್ದವರು ಹಣ ಮುಚ್ಚಿಡುತ್ತಾರೆ. ಏನೂ ಅರಿಯದ ವಿಧವೆ ಬ್ಯಾಂಕಿಗೆ ಹಾಕುತ್ತಾಳೆ. ಮರುವಾರ ಸಣ್ಣಯ್ಯ ಬಸ್ಸಿನಲ್ಲಿ ಒಂದು ಚೀಲ ಬದನೆಕಾಯಿ ಕಳಿಸಿಕೊಟ್ಟ. ಅವಳು ಅದನ್ನು ಅಕ್ಕಪಕ್ಕದವರಿಗೆ ಹಂಚಿದಳು.

ಅಂಗಡಿ ಅವಳದಾಯಿತು. ಬೋರ್ಡಿಗೆ ಹೊಸ ಬಣ್ಣ ಬಳಿಸಿದಳು.

ಅಕ್ಟೋಬರಿನ ಮೂರನೆಯ ವಾರ ಟಿ. ನರಸೀಪುರದ ಠಾಣೆಯಿಂದ ಫೋನು ಬಂತು. ಅವಳು ನಿರೀಕ್ಷಿಸಿದ್ದಕ್ಕಿಂತ ಹತ್ತು ದಿನ ತಡವಾಗಿತ್ತು, ಅಷ್ಟೆ. ಬೆಳಗಿನ ಬಸ್ಸು ಹತ್ತಿದಳು. ಸುತ್ತೂರು ದಾಟುವ ಹೊತ್ತಿಗೆ ಏನು ಹೇಳಬೇಕು, ಎಲ್ಲಿ ಅಳಬೇಕು ಎಂಬುದೆಲ್ಲ ಬಾಯಿಪಾಠವಾಗಿತ್ತು.

ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಎದುರು ಸಣ್ಣಯ್ಯ ಟವೆಲ್ ಹಿಂಡುತ್ತ ಕುಳಿತಿದ್ದ. ಅವನ ಪಕ್ಕದಲ್ಲಿ ಕನ್ನಡಕ ಹಾಕಿದ್ದ ಹೆಂಗಸೊಬ್ಬಳು. ಫೈನಾನ್ಸ್ ಕಂಪನಿಯ ಮ್ಯಾನೇಜರ್, ಹೆಸರು ಇಂದ್ರಾಣಿ. ಪತ್ರದ ನಂಬರು ಕಂಪನಿಯ ದಾಖಲೆಗೆ ಹೊಂದುವುದಿಲ್ಲವೆಂದು ಆರ್‌ಟಿಒ ಕಚೇರಿಯವರು ಅರ್ಜಿ ತಿರಸ್ಕರಿಸಿ, ಪತ್ರವನ್ನು ಪೊಲೀಸರಿಗೆ ಕಳಿಸಿದ್ದರು.

ವನಿತಾ ತನ್ನ ಪಾಠ ಒಪ್ಪಿಸಿದಳು. ಅವರು ಏನು ಮಾಡಿದರೋ, ಯಾರ ಹತ್ತಿರ ಮಾಡಿಸಿದರೋ, ತನಗೆ ಗೊತ್ತಿಲ್ಲ. ಕಾಗದ ಗಾಡಿಯಲ್ಲಿತ್ತು. ಸಣ್ಣಯ್ಯನೇ ತೆಗೆದದ್ದು. "ಊ ಸಾ, ಅದು ದಿಟ. ಈಯಮ್ಮ ಕೈಲೂ ಮುಟ್ಲಿಲ್ಲ" ಎಂದು ಸಣ್ಣಯ್ಯ ತಾನಾಗಿ ಹೇಳಿದ. ಸಬ್‌ಇನ್‌ಸ್ಪೆಕ್ಟರ್ ಅವಳಿಗೆ ನೀರು ತರಿಸಿದ.

"ಒಂದು ವಿಷಯ ಹೇಳ್ಬೇಕು" ಎಂದಳು ಇಂದ್ರಾಣಿ. "ಈ ಗಾಡಿ ಮೇಲೆ ಈಗ ಸಾಲ ಇಲ್ಲ. ಸಾಲ ತಗೊಂಡಾಗ ಇವ್ರ ಯಜಮಾನ್ರ ಜೀವಕ್ಕೆ ವಿಮೆ ಮಾಡ್ಸಿದ್ವಿ. ಅವ್ರು ಹೋದ್ಮೇಲೆ ವಿಮೆ ಕಂಪನಿಯವ್ರೇ ಬಾಕಿ ಕಟ್ತಾರೆ. ಮರಣ ಪತ್ರ ಒಂದು ಬೇಕಿತ್ತು. ನಮ್ಮ ರಂಗನಾಯಕ ಇವ್ರನ್ನ ಮೂರು ಸಲ ಕೇಳಿದ್ನಂತೆ, ಕೊಡ್ಲಿಲ್ಲ. ಕೊನೆಗೆ ಅವನೇ ಚಿಕ್ಕಯ್ಯನಛತ್ರಕ್ಕೆ ಹೋಗಿ, ಜಾಮೀನುದಾರರು ಅಂತ ಇವ್ರ ಅತ್ತೆ ಹತ್ರ ಹೆಬ್ಬೆಟ್ಟು ಹಾಕಿಸ್ಕೊಂಡು, ಓಡಾಡಿ ಎಲ್ಲಾ ಮಾಡ್ದ. ಜುಲೈನಲ್ಲಿ ಸಾಲ ಮುಗೀತು. ನಿಜವಾದ ಪತ್ರ ಅತ್ತೆ ಮನೇಲಿದೆ. ಸೊಸೆ ಬಂದಾಗ ಅವ್ಳ ಕೈಗೇ ಕೊಡ್ತೀನಿ ಅಂತ ಎತ್ತಿಟ್ಟಿದಾರಂತೆ."

ಸೆಪ್ಟೆಂಬರಿನಲ್ಲಿ ವನಿತಾ ಮಾರಿದ ಗಾಡಿ ಜುಲೈನಿಂದಲೇ ಯಾರ ಋಣದಲ್ಲೂ ಇರಲಿಲ್ಲ. ಮಾರುವುದಕ್ಕೆ ಒಂದು ಬಸ್ಸು ಹತ್ತಿ, ಒಬ್ಬ ಮುದುಕಿಯ ಮುಂದೆ ಹೋಗಿ ನಿಂತಿದ್ದರೆ ಸಾಕಿತ್ತು. ಅವಳಿಗೆ ನಿಜವಾಗಿಯೇ ಅಳು ಬಂತು. ಪಾಠದಲ್ಲಿ ಅದು ಇರಲಿಲ್ಲ.

"ಆಯ್ತಲ್ಲ" ಎಂದ ಸಬ್‌ಇನ್‌ಸ್ಪೆಕ್ಟರ್. "ಪಾಪ, ಆ ಮನುಷ್ಯ ಏನೋ ಮಾಡಿಸಿಟ್ಟು ಸತ್ತೋಗವ್ನೆ. ಸತ್ತೋನ ಮ್ಯಾಲೆ ಎಂಥ ಕೇಸು? ಸಣ್ಣಯ್ಯ, ಆ ಒಳ್ಳೆ ಕಾಗ್ದ ತಂದು ಗಾಡಿ ನಿನ್ನ ಹೆಸ್ರಿಗೆ ಮಾಡಿಸ್ಕೊ."

"ಅಷ್ಟಾದ್ರೆ ಸಾಕು ಬುಡಿ ಸಾ. ಈಯಮ್ಮಂಗೆ ತೊಂದ್ರೆ ಬ್ಯಾಡ" ಎಂದು ಸಣ್ಣಯ್ಯ ಎದ್ದು ಕೈಮುಗಿದ.

ವನಿತಾಳೂ ಎದ್ದಳು. ಸಬ್‌ಇನ್‌ಸ್ಪೆಕ್ಟರ್ ಪೆನ್ನಿಗೆ ಮುಚ್ಚಳ ಹಾಕಿ, ಕಂಪನಿಯ ಫೈಲಿಗೆ ಬೇಕಾದರೆ ಒಂದು ಪ್ರತಿ ಇಟ್ಟುಕೊಳ್ಳಿ ಎಂದು ಸುಳ್ಳು ಪತ್ರವನ್ನು ಇಂದ್ರಾಣಿಯ ಕಡೆ ಸರಿಸಿದ. ಅಲ್ಲಿಯವರೆಗೆ ಅವಳು ಆ ಪತ್ರದ ನಂಬರನ್ನಷ್ಟೇ ಕೇಳಿದ್ದಳು, ಪತ್ರವನ್ನು ಕಂಡಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು ಓದಿದಳು. ಕೆಳಗಿನ ಮೊಹರಿನ ಹತ್ತಿರ ಬೆರಳಿಟ್ಟಳು. "ಈ ರುಜು ನಂದೇ ಸರ್" ಎಂದಳು ಮೆಲ್ಲಗೆ. "ಆದ್ರೆ ತಾರೀಕು ಫೆಬ್ರವರಿ ಹತ್ತು ಅಂತಿದೆ. ನಾನು ಈ ಬ್ರಾಂಚಿಗೆ ಬಂದಿದ್ದೇ ಜೂನ್ ಎರಡನೇ ತಾರೀಕು. ಇವ್ರ ಯಜಮಾನ್ರು ಹೋದ್ಮೇಲೆ." ಸಣ್ಣಯ್ಯ ಒಬ್ಬೊಬ್ಬರ ಮುಖವನ್ನೂ ನೋಡಿದ. ಸಬ್‌ಇನ್‌ಸ್ಪೆಕ್ಟರ್ ಪತ್ರವನ್ನು ಹಿಂದಕ್ಕೆಳೆದುಕೊಂಡು, ತಾರೀಕನ್ನೂ ರುಜುವನ್ನೂ ಮತ್ತೊಮ್ಮೆ ನೋಡಿ, ಪೆನ್ನಿನ ಮುಚ್ಚಳ ತೆಗೆದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಕೂತ್ಕೊಳಿ ಅಮ್ಮ" ಎಂದ. "ನೀವು ಕೆಲ್ಸ ಮಾಡೋದು ಎಲ್ಲಿ ಅಂದ್ರಿ?"