ಗಾಳಿಪೆಟ್ಟಿಗೆಯ ಉಸಿರು

"ಕೆಟ್ಟು ನಿಂತ್ರೆ ರಿಪೇರಿಗೆ ಕೈ ಹಾಕ್ಬೇಡ ತಾಯಿ. ನಡ್ಕೊಂಡೇ ವಾಪಸ್ ಬಂದ್ಬಿಡು," ಎಂದ ಪೆಟ್ರೋಲ್ ಬಂಕಿನ ಮುದುಕ ವಿಂಕೋ, ಟ್ಯಾಂಕಿನ ಮುಚ್ಚಳ ತಿರುವುತ್ತ.

ಡೆಸ್ಲಿ ನಕ್ಕಳು. ಅಡಿಲೇಡಿನಲ್ಲಿ ಮೂವತ್ತು ವರ್ಷ ಇಂಜಿನ್ ಬಿಚ್ಚಿ ಕಟ್ಟಿದವಳು. ಓಪಲ್ ರತ್ನದ ಗಣಿಯ ಈ ಊರಿನಲ್ಲಿ ಈ ಹಳೇ ಕ್ಯಾಂಪರ್ ವ್ಯಾನನ್ನು ನಿನ್ನೆಯಷ್ಟೇ ಕೊಂಡಿದ್ದಳು.

"ಇದರ ಹಳೇ ಯಜಮಾನ ಹೆಂಡ್ತೀನ ಬಿಟ್ಟು ಇನ್ನೊಬ್ಬಳ ಜೊತೆ ಇದ್ರಲ್ಲೇ ಹೊರಟಿದ್ದ. ಆ ಹೆಂಡ್ತಿ ಇಂಜಿನ್ನಿಗೆ ಮಾಟ ಮಾಡಿದ್ಲು. ಜೋಡಿಯಾಗಿ ಕೂತೋರಲ್ಲಿ ಒಬ್ಬರ ಉಸಿರು ಅದಕ್ಕೆ ಬೇಕು."

"ನಮ್ಮ ಮೆರಿಕ್‌ಗೆ ಉಸಿರಿಗಿಂತ ಗೊರಕೆನೇ ಜಾಸ್ತಿ. ಕುಡೀಲಿ ಬಿಡಿ."

ಪಕ್ಕದ ಸೀಟಿನಲ್ಲಿದ್ದ ಗಂಡ ಮೆರಿಕ್ ನಕ್ಕ. ವಿಂಕೋ ನಗಲಿಲ್ಲ.

ನೂರು ಕಿಲೋಮೀಟರಿನಾಚೆ, ನೆತ್ತಿ ಸುಡುವ ಮಧ್ಯಾಹ್ನ, ಇಂಜಿನ್ ಎರಡು ಸಲ ಮುಕ್ಕರಿಸಿ ಸತ್ತಿತು. ಸುತ್ತ ಕೆಂಪು ನೆಲ, ಬೂದು ಪೊದೆ, ಮುತ್ತುವ ನೊಣ. ಡೆಸ್ಲಿ ಹಿಂಬದಿಯ ಬಾಗಿಲೆತ್ತಿ ಇಂಜಿನ್ನಿನ ಕತ್ತಲೆಯೊಳಗೆ ತಲೆ ತೂರಿಸಿದಳು. ಕಾದ ಪೆಟ್ರೋಲಿನ ವಾಸನೆ. ಅದರಡಿ ಇನ್ನೊಂದು, ಸುಟ್ಟ ಕೂದಲಿನದು.

ಬ್ಯಾಟರಿ ಸರಿಯಿತ್ತು. ಪೆಟ್ರೋಲ್ ಕೊಳವೆಯಲ್ಲಿ ಮಾತ್ರ ಒತ್ತಡವಿರಲಿಲ್ಲ; ಅದನ್ನು ಇಂಜಿನ್ನಿಗೆ ಚಿಮ್ಮಿಸುವ ಇಂಜೆಕ್ಟರುಗಳು ಒಣಗಿದ್ದವು. ಗಾಳಿಯನ್ನು ಅಳೆಯುವ ಪೆಟ್ಟಿಗೆಯೊಳಗೆ ಕದದಂತೆ ತೆರೆದು ಮುಚ್ಚುವ ಒಂದು ರೆಕ್ಕೆಯಿರುತ್ತದೆ. ಅದು ತೆರೆದರಷ್ಟೇ ಪೆಟ್ರೋಲ್ ಹರಿಯುವುದು. ಆ ರೆಕ್ಕೆ ಸಿಕ್ಕಿಕೊಂಡಿತ್ತು. ಬೆರಳಿಗೆ ಸಿಕ್ಕಿದ್ದು ಒಂದು ಗಂಟು: ಕೆಂಪು ದಾರ ಸುತ್ತಿದ ಗಂಡಸಿನ ಗಿಡ್ಡ ಕೂದಲು.

"ಮೆರಿಕ್, ಮುದುಕನ ಮಾಟ ಸಿಕ್ತು ನೋಡು," ಎಂದು ಕಿತ್ತೆಸೆದಳು.

ರೆಕ್ಕೆ ತಾನಾಗಿ ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.

ಕೀಲಿ ಅವಳ ಜೇಬಿನಲ್ಲಿತ್ತು. ಇಂಜಿನ್ ಸತ್ತೇ ಇತ್ತು. ಆದರೂ ಪೆಟ್ಟಿಗೆ ಗಾಳಿ ಎಳೆಯುತ್ತಿತ್ತು; ನಿದ್ದೆಯಲ್ಲಿರುವವರ ಹಾಗೆ, ನಿಧಾನವಾಗಿ.

ಮುಂದಿನಿಂದ ಧಪ್ಪೆಂಬ ಸದ್ದು. ಓಡಿದಳು. ಮೆರಿಕ್ ಸೀಟಿನಿಂದ ಜಾರಿದ್ದ. ತುಟಿ ನೀಲಿಯಾಗಿತ್ತು.

"ನೋವಾಗ್ತಿಲ್ಲ ಡೆಸ್," ಎಂದು ಪಿಸುಗುಟ್ಟಿದ. "ಆದ್ರೆ ಉಸಿರು ಎಳಿಯೋದು ನಾನಲ್ಲ ಕಣೇ."

ಅವನ ಎದೆ ಅಲುಗುತ್ತಿರಲಿಲ್ಲ. ಹಿಂದೆ ಮಾತ್ರ ರೆಕ್ಕೆ ಬಡಿಯುತ್ತಿತ್ತು.

ಗಂಡನನ್ನು ಪೊದೆಯ ನೆರಳಿಗೆ ಎಳೆದು ಹಾಕಿದಳು. ಬ್ಯಾಟರಿಯ ತಂತಿ ಕಿತ್ತಳು. ರೆಕ್ಕೆ ನಿಲ್ಲಲಿಲ್ಲ. ಪೆಟ್ಟಿಗೆಯನ್ನೇ ಬಿಚ್ಚಿ ನೆಲಕ್ಕೆಸೆದಳು. ನಿಲ್ಲಲಿಲ್ಲ. ಅದರ ಮೇಲೆ ಪೆಟ್ರೋಲ್ ಸುರಿದಳು. ಕಡ್ಡಿ ಗೀರಿದಳು.

ಬೆಂಕಿ ಭಗ್ಗೆಂದಿತು. ಪೊದೆಯ ಕಡೆಯಿಂದ ಕೆಮ್ಮು.

ತಿರುಗಿದಳು. ಮೆರಿಕ್‌ನ ಬಾಯಿಂದ ಹೊಗೆ ಬರುತ್ತಿತ್ತು. ಕಪ್ಪು ಹೊಗೆ.

ಮಣ್ಣು. ಮಣ್ಣು. ಎರಡೂ ಕೈಯಲ್ಲಿ ಬಾಚಿದಳು. ಸಾಲಲಿಲ್ಲ. ಬರಿಗೈಯಿಂದಲೇ ಬೆಂಕಿ ಬಡಿದಳು. ಚರ್ಮ ಸುಲಿಯಿತು. ಬಿಡಲಿಲ್ಲ. ಬೆಂಕಿ ಆರಿತು. ಸುಟ್ಟ ಪೆಟ್ಟಿಗೆಯೊಳಗೆ ರೆಕ್ಕೆ ತಡವರಿಸಿತು, ನಿಂತಿತು, ಮತ್ತೆ ಬಡಿಯಿತು.

ಹೊಗೆ ಕಂಡು ರಸ್ತೆ ಕೆಲಸದವರು ಬಂದರು. "ಆ ಕಬ್ಬಿಣ ಬಿಸಾಕಮ್ಮ," ಎಂದ ಒಬ್ಬ. ಅವಳು ಪೆಟ್ಟಿಗೆಯನ್ನು ಮಗುವಿನಂತೆ ಎದೆಗವಚಿಕೊಂಡೇ ಮೆರಿಕ್‌ನ ಜೊತೆ ಅವರ ಗಾಡಿ ಹತ್ತಿದಳು.

ಈಗ ಇಬ್ಬರೂ ಆ ಗಣಿಯೂರಿನಲ್ಲೇ ಇದ್ದಾರೆ. ಮೆರಿಕ್ ಉಣ್ಣುತ್ತಾನೆ, ರೇಡಿಯೋ ಕೇಳುತ್ತಾನೆ. ಅವನ ಎದೆ ಅಲುಗುವುದಿಲ್ಲ; ಪಕ್ಕದ ಪೆಟ್ಟಿಗೆಯಲ್ಲಿ ರೆಕ್ಕೆ ಬಡಿಯುತ್ತದೆ. ಧೂಳೆದ್ದ ದಿನ ಡೆಸ್ಲಿ ತನ್ನ ಪುಟ್ಟ ಅಂಗಡಿ ತೆರೆಯುವುದಿಲ್ಲ. ಕಿಟಕಿ ಮುಚ್ಚಿ, ಅಂದು ಸುಟ್ಟು ಮಡಚಲು ಬಾರದ ಬೆರಳುಗಳಲ್ಲಿ ಕುಂಚ ಹಿಡಿದು, ರೆಕ್ಕೆಯ ತಿರುಗಣೆಯಲ್ಲಿ ಕೂತ ಒಂದೊಂದೇ ಕಣವನ್ನು ಒರೆಸುತ್ತಾಳೆ. ತಿರುಗಣೆ ಸವೆದಿದೆ. ಅಂಥದ್ದನ್ನು ಈಗ ಯಾರೂ ತಯಾರಿಸುವುದಿಲ್ಲ.