ನಾನು ಅವತ್ತೇ ಹೇಳ್ಲಿಲ್ವಾ?

“ಅಮ್ಮಾ, ಬೇಗ ಬನ್ನಿ! ಬೂಟಿನ ಮೇಸ್ತ್ರೀನ ಯಾರೋ ಹೊಡೆದು ಸಾಯಿಸಿದಾರೆ. ಪೊಲೀಸ್ನೋರು ಮಗಳನ್ನೇ ಹಿಡ್ಕೊಂಡಿದಾರೆ!”

ಮೇಸ್ತ್ರಿಯ ಪಕ್ಕದಂಗಡಿಯ ದರ್ಜಿ ಏದುಸಿರು ಬಿಡುತ್ತ ನಮ್ಮ ಬಾಗಿಲಲ್ಲಿ ನಿಂತಿದ್ದ. ದೊಡ್ಡಮ್ಮ ಪತ್ರಿಕೆ ಮಡಚಿಟ್ಟು ಚಪ್ಪಲಿ ಮೆಟ್ಟಿದರು. ಕೋರ್ಟಿನಲ್ಲಿ ಸಾಕ್ಷಿಗಳ ಮಾತು ಬರೆದುಕೊಳ್ಳುತ್ತಲೇ ತಲೆ ನರೆಸಿಕೊಂಡವರು ಅವರು. ನಮ್ಮ ಬೀದಿಯಲ್ಲಿ ಏನೇ ಎಡವಟ್ಟಾದರೂ ಮೊದಲು ಅವರಿಗೇ ಕರೆ. ಜೊತೆಗೆ ನಾನಂತೂ ಇದ್ದೇ ಇರುತ್ತೇನೆ.

ಸತ್ತವರ ಬಗ್ಗೆ ಹೀಗೆ ಬರೆಯಬಾರದು, ಆದರೂ ಬರೆಯುತ್ತೇನೆ: ಮೇಸ್ತ್ರಿಯ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಹಾಲು ಉಕ್ಕಲಿ, ಬಸ್ಸು ತಪ್ಪಲಿ, ಯಾರಿಗಾದರೂ ಜ್ವರ ಬರಲಿ, “ನಾನು ಅವತ್ತೇ ಹೇಳ್ಲಿಲ್ವಾ?” ಅನ್ನದೆ ಬಿಡುತ್ತಿರಲಿಲ್ಲ. ಅಸಲಿಗೆ ಅವರು ಏನೂ ಹೇಳಿರುತ್ತಿರಲಿಲ್ಲ. ಸುತ್ತಿಗೆ ಹಿಡಿದು ಕೂತರೆ ಮಾತ್ರ ಬೀದಿಗೆ ನೆಮ್ಮದಿ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಮೇಸ್ತ್ರಿ ಬೆಂಚಿನ ಪಕ್ಕ ಬಿದ್ದಿದ್ದರು. ಬೂಟು ಕವುಚಿಡುವ ಕಬ್ಬಿಣದ ಅಚ್ಚಿನಿಂದ ತಲೆಗೆ ಏಟು ಬಿದ್ದಿತ್ತು. ಬೆಂಚಿನ ಮೇಲೆ ಅಟ್ಟೆಗೆ ಅರ್ಧ ಮೊಳೆ ಹೊಡೆದ ಬೂಟು, ಅದರ ಪಕ್ಕ ಸುತ್ತಿಗೆಯೇಟು ತಿಂದು ನಜ್ಜುಗುಜ್ಜಾದ ಚರ್ಮದ ತುಂಡು. ದೊಡ್ಡಮ್ಮ ಕೂತು ಹೆಣದ ತುಟಿ ಸರಿಸಿದರು. ದವಡೆಯಲ್ಲಿ ಸಣ್ಣ ಮೊಳೆಗಳಿದ್ದವು.

ಮೂಲೆಯಲ್ಲಿ ಮಗಳು ಮುದುರಿ ಕೂತಿದ್ದಳು. “ಇನ್ನೊಂದ್ಸಲ ಆ ಮಾತಾಡಿದ್ರೆ ನಿಮ್ಮ ಬಾಯಿ ಹೊಲಿದುಬಿಡ್ತೀನಿ ಅಂತ ಬೆಳಿಗ್ಗೆ ಕೂಗಾಡಿದ್ದೆ. ಬೇಜಾರಲ್ಲಿ ಅಂದಿದ್ದು ಅಮ್ಮಾ, ಅಷ್ಟೇ.”

“ಅದು ಬೀದಿಗೆಲ್ಲ ಕೇಳಿಸಿದೆ,” ಎಂದರು ಇನ್‌ಸ್ಪೆಕ್ಟರ್. “ಸುತ್ತಿಗೆ ಸದ್ದು ನಿಂತ ಮೇಲೆ ಒಳಗೆ ಹೋದವಳೂ ಇವಳೊಬ್ಬಳೇ.”

ದೊಡ್ಡಮ್ಮ ದರ್ಜಿಯ ಕಡೆ ತಿರುಗಿದರು. “ನೀನು ಕೇಳಿದ್ದನ್ನ ಕೇಳಿದ ಹಾಗೇ ಹೇಳಪ್ಪ.”

“ಗೋಡೆಯಾಚೆ ಸುತ್ತಿಗೆ ಸದ್ದು ಒಂದೇ ಸಮ ಬರ್ತಿತ್ತು. ಮೇಸ್ತ್ರೀ, ಮತ್ತೆ ಕರೆಂಟ್ ಹೋಯ್ತು ಅಂತ ಕೂಗಿದೆ. ಬಡಿಯೋದು ನಿಲ್ಲಿಸದೇನೇ ‘ನಾನು ಅವತ್ತೇ ಹೇಳ್ಲಿಲ್ವಾ?’ ಅಂದ್ರು. ಸದ್ದು ನಿಂತ ಮರುಕ್ಷಣಾನೇ ಮೇಸ್ತ್ರಿ ಭಾವಮೈದ ಆ ಕೋಣೆ ಹಿಂಬಾಗಿಲಿಂದ ಬಂದು ನನ್ನ ಹತ್ರ ಕೂತ್ರು. ಈ ಹುಡುಗಿ ಟೀ ತಗೊಂಡು ಹೋಗಿ ಕಿರುಚೋವರೆಗೂ ಎದ್ದಿಲ್ಲ.”

“ಬಡಿಯೋದೂ ಮಾತೂ ಒಟ್ಟಿಗೇನಾ?”

“ಒಟ್ಟಿಗೇ ಅಮ್ಮಾ.”

ದೊಡ್ಡಮ್ಮ ಎಲ್ಲರನ್ನೂ ಮುಂದಿನ ಅಂಗಡಿಯಲ್ಲಿ ಕೂರಿಸಿದರು. ಮೇಸ್ತ್ರಿಯ ಭಾವಮೈದ, ಅಂದರೆ ಹುಡುಗಿಯ ಸೋದರಮಾವ, ಗೋಡೆಗೊರಗಿ ತಲೆ ತಗ್ಗಿಸಿದ್ದ. ಆತನೂ ಮೇಸ್ತ್ರಿಯೂ ಒಂದೇ ಬೆಂಚಿನಲ್ಲಿ ವರ್ಷಗಟ್ಟಲೆ ದುಡಿದವರು.

“ಮೇಸ್ತ್ರಿ ಮೊಳೆಗಳನ್ನ ಬಾಯಲ್ಲಿಟ್ಟುಕೊಂಡು ಒಂದೊಂದೇ ತೆಗೆದು ಹೊಡೀತಿದ್ದರು,” ದೊಡ್ಡಮ್ಮ ಶುರುಮಾಡಿದರು. “ಸುತ್ತಿಗೆ ಆಡೋವಾಗ ಅವರ ಬಾಯಿ ಬಂದ್. ಸತ್ತಾಗಲೂ ಮೊಳೆ ಬಾಯಲ್ಲೇ ಇವೆ. ಅಂದರೆ ಏಟು ಬಿದ್ದಿದ್ದು ಕೆಲಸದ ನಡುವೆ. ಹಾಗಾದರೆ ಬಡೀತಾ ಮಾತಾಡಿದವರು ಅವರಲ್ಲ. ಆ ಚರ್ಮದ ತುಂಡು ನೋಡಿ. ಬರೀ ಏಟು, ಒಂದೂ ಮೊಳೆಯಿಲ್ಲ. ಮೇಸ್ತ್ರಿ ಇನ್ನೂ ಬದುಕಿದ್ದಾರೆ ಅಂತ ದರ್ಜಿ ನಂಬಲಿ ಅಂತ ಬಡಿದದ್ದು. ಅಷ್ಟರಲ್ಲಿ ದರ್ಜಿ ಕೂಗಿದ. ಉತ್ತರ ಕೊಡದೆ ವಿಧಿಯಿಲ್ಲ. ಆ ಒಂದು ಮಾತನ್ನ ಅಣಕಿಸೋಕೆ ಈ ಬೀದೀಲಿ ಯಾರಿಗೆ ಬರಲ್ಲ? ಆದರೆ ಕೇಳಿದ್ದು ಗಂಡಸಿನ ದನಿ, ಮತ್ತೆ ಸದ್ದು ನಿಂತ ತಕ್ಷಣ ಆ ಕೋಣೆಯಿಂದ ಹೊರಬಂದ ಗಂಡಸು ಒಬ್ಬನೇ.”

ಎಲ್ಲರೂ ಗೋಡೆಗೊರಗಿದ್ದ ಭಾವಮೈದನ ಕಡೆ ನೋಡಿದರು. ಆತ ತಗ್ಗಿಸಿದ ತಲೆ ಎತ್ತದೆ ಹೇಳಿದ:

“ನನ್ನ ಮಗ ಬೈಕಿಂದ ಬಿದ್ದು ಸತ್ತ ದಿನ ಭಾವ ಬಂದು, ಹೆಣದ ಮುಂದೇನೇ ಆ ಮಾತನ್ನ ಅಂದ್ರು. ನುಂಗಿಕೊಂಡೆ. ಇವತ್ತು ಮಗನ ನೆನಪಾಗಿ ಅಳ್ತಾ ಕೂತಿದ್ದೆ. ಮತ್ತೆ ಅದೇ ಅಂದ್ರು. ಅಂದ್ಬಿಟ್ಟು, ಬಾಯಿಗೆ ಮೊಳೆ ಹಾಕ್ಕೊಂಡು ಕೆಲಸಕ್ಕೆ ಬಗ್ಗಿದ್ರು. ಅವರಿಗದು ಅಷ್ಟೇ.”

ಆ ಮಾತಿಗೆ ನಾನೂ ಹಲ್ಲು ಕಡಿದವಳೇ. ಆದರೆ ಅದು ಯಾರ ಎದೆಗೆ ಎಷ್ಟು ಆಳ ಇಳಿದಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಹುಡುಗಿ ಎದ್ದು ಆತನ ಮುಂದೆ ಬಂದು ನಿಂತಳು.

“ಅಪ್ಪ ಅಂದಿದ್ದು ತಪ್ಪು ಮಾವ. ನಿಮ್ಮ ಸಂಕಟ ನನಗೆ ಗೊತ್ತು.” ಅವಳ ದನಿ ಒಡೆಯಿತು. “ಆದರೆ ಇಷ್ಟು ಹೊತ್ತೂ ನೀನೇ ಕೊಂದೆ, ನೀನೇ ಕೊಂದೆ ಅಂತ ಪೊಲೀಸ್ನೋರು ನನಗೆ ಹಿಂಸೆ ಕೊಟ್ರು. ನೀವು ಇಲ್ಲೇ ನಿಂತು ಕೇಳ್ತಾ ಇದ್ರಿ.”

ಪೊಲೀಸರು ಕರೆದುಕೊಂಡು ಹೋಗುವವರೆಗೂ ಆತ ಅವಳ ಮುಖ ನೋಡಲಿಲ್ಲ.