ಕೊನೆಯ ವಿದ್ಯಾರ್ಥಿನಿಯ ಪ್ರಿಸಂ

ಸೋಮವಾರ ಬೆಳಿಗ್ಗೆ ಠಾಣೆಯ ಬಾಗಿಲಲ್ಲಿ ಒಬ್ಬ ಹುಡುಗಿ ಒಳಗೆ ಬರಲೋ ಬೇಡವೋ ಎಂದು ಮೀನಮೇಷ ಎಣಿಸುತ್ತಾ ನಿಂತಿದ್ದಳು. ಇನ್‌ಸ್ಪೆಕ್ಟರ್ ಮೇಡಂ ಅವಳನ್ನು ಕರೆದು ಕೂರಿಸಿದರು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಿಂದ ಗಾಜಿನ ಪ್ರಿಸಂ ಕಳುವಾಗಿದೆ ಎಂಬುದು ಅವಳ ದೂರು. ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ನಗು ತಡೆಯಲು ಆಕಳಿಸಿದ. ಅವನಿಗೆ ಆಕಳಿಸಲು ನೆಪವೇನೂ ಬೇಕಿರಲಿಲ್ಲ; ಇಡೀ ಠಾಣೆ ಅವನನ್ನು ಕರೆಯುತ್ತಿದ್ದದ್ದೇ ಆಕಳಿಕೆ ಎಂದು.

ಹುಡುಗಿ ನಗಲಿಲ್ಲ. ಮಂಗಳವಾರ ಮಧ್ಯಾಹ್ನ ಅವಳಿಗೆ ಬೆಳಕಿನ ಪ್ರಯೋಗದ ಪರೀಕ್ಷೆ. ಬೇರೆ ಕಾಲೇಜಿನಿಂದ ಪ್ರಿಸಂ ತರೋಣವೆಂದರೆ ಎಲ್ಲ ಕಡೆಯೂ ಅದೇ ವಾರ ಪರೀಕ್ಷೆ.

“ಸಿಗದಿದ್ರೆ?”

“ಈ ಕೋರ್ಸ್ ಮುಗಿಯದೆ ಡಿಗ್ರಿ ಕೊಡಲ್ಲ ಮೇಡಂ. ಮುಂದಿನ ವರ್ಷ ಮತ್ತೆ ಇದೇ. ಹವಾಮಾನ ಕಚೇರೀಲಿ ಕೆಲಸ ಸಿಕ್ಕಿದೆ, ಅಷ್ಟು ದಿನ ಅವರು ಕಾಯಲ್ಲ. ಮನೇಲಿ ದುಡಿಯೋರು ಅಂತ ಬೇರೆ ಯಾರೂ ಇಲ್ಲ.”

ಹತ್ತೂವರೆಗೆ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಇನ್‌ಸ್ಪೆಕ್ಟರ್, ಆಕಳಿಕೆ ಇಬ್ಬರೂ ಹುಡುಗಿ ಮತ್ತು ಪಂಚರೊಡನೆ ಪ್ರಯೋಗಾಲಯ ತಲುಪಿದರು.

ಕಿಟಕಿಗಳಿಗೆಲ್ಲ ಕಪ್ಪು ಪರದೆ ಎಳೆದ ಕೋಣೆ. ಮೂಲೆಯ ಸೋಡಿಯಂ ದೀಪವೊಂದೇ ಹಳದಿಯಾಗಿ ಉರಿಯುತ್ತಿತ್ತು. ಆ ಬೆಳಕಿನಲ್ಲಿ ಬೇರೆ ಬಣ್ಣವೇ ಉಳಿಯುವುದಿಲ್ಲ. ಹುಡುಗಿಯ ಕೆಂಪು ದುಪಟ್ಟಾ ಬೂದಿಯಾಯಿತು, ಖಾಕಿ ಎಲ್ಲೋ ಕರಗಿತು, ಆಕಳಿಕೆಯ ಮುಖ ಬಹಳ ಹಿಂದೆ ತೀರಿಹೋದ ಯಾರದೋ ಫೋಟೋ ಆಯಿತು. ಹೊರಗೆ ಹಗಲು ಇದೆಯೆಂಬುದೇ ಇನ್‌ಸ್ಪೆಕ್ಟರಿಗೆ ಮರೆತುಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಸುಮ್ಮನೆ ಕೂರಬೇಕೆನಿಸಿತು. ಕೆಲಸ ನೆನಪಾಗಿ ಟಾರ್ಚ್ ಹಚ್ಚಿದರು.

ಬೀಗ ಒಡೆದಿರಲಿಲ್ಲ. ಮೇಜಿನ ಮೇಲೆ ಕೋನ ಅಳೆಯುವ ಉಪಕರಣವಿತ್ತು. ನಡುವೆ ಪ್ರಿಸಂ ಇರಬೇಕಾದ ಜಾಗ ಖಾಲಿ. ಅದರ ಪುಟ್ಟ ದುರ್ಬೀನಿನ ಬಾಯಿಗೆ ಮುಚ್ಚಳ ಹಾಕಿತ್ತು, ತಿರುಪುಗಳೆಲ್ಲ ಸಡಿಲವಾಗಿದ್ದವು. ಎಲ್ಲವನ್ನೂ ಪಂಚನಾಮೆಯಲ್ಲಿ ಬರೆಸಿದರು.

ಪ್ರಾಂಶುಪಾಲರ ಗುಮಾನಿ ಗುಡಿಸುವವನ ಮೇಲೆ. ಅವನು ಶನಿವಾರದಿಂದ ಮಗಳ ಮನೆಯಲ್ಲಿದ್ದ. ಆಕಳಿಕೆ ಹೋಗಿ ವಿಚಾರಿಸಿ ಬಂದ. ಗುಜರಿ ಅಂಗಡಿಗಳಲ್ಲೂ ಏನೂ ಸಿಗಲಿಲ್ಲ. ಹೊಸ ಪ್ರಿಸಂ ಕೊಳ್ಳಬಾರದೇ ಎಂದರೆ ಪ್ರಾಂಶುಪಾಲರು ಕೈಯಲ್ಲಾಡಿಸಿದರು. ಭೌತಶಾಸ್ತ್ರಕ್ಕೆ ಸೇರುವವರೇ ಇಲ್ಲ, ಈ ಹುಡುಗಿಯೇ ಕೊನೆಯವಳು, ಅವಳ ಡಿಗ್ರಿ ಮುಗಿದ ಕೂಡಲೇ ವಿಭಾಗಕ್ಕೆ ಬೀಗ. ಅವಳು ಇರುವವರೆಗೆ ಮಾತ್ರ ಮುಚ್ಚುವಂತಿಲ್ಲ, ಅದು ನಿಯಮ ಎಂದರು.

ಇನ್‌ಸ್ಪೆಕ್ಟರ್ ಮತ್ತೆ ಹುಡುಗಿಯ ಬಳಿ ಬಂದರು.

“ಶುಕ್ರವಾರ ಕೊನೆಗೆ ಇದನ್ನ ಮುಟ್ಟಿದ್ದು ಯಾರು?”

“ನಾನೇ. ಅರ್ಧ ಅಳತೆಯಾಗಿತ್ತು. ಸೋಮವಾರ ಅಲ್ಲಿಂದಲೇ ಮುಂದುವರಿಸೋಣ ಅಂತ ತಿರುಪೆಲ್ಲ ಬಿಗಿ ಮಾಡಿ ಹೋದೆ.”

“ಈಗ ಸಡಿಲ ಇದೆಯಲ್ಲ.”

“ನಮ್ಮ ಫಿಸಿಕ್ಸ್ ಮೇಷ್ಟ್ರು ಮಾಡಿರ್ತಾರೆ. ಕೆಲಸ ಆದ್ಮೇಲೆ ತಿರುಪು ಸಡಿಲಿಸಿ, ಮುಚ್ಚಳ ಹಾಕದೆ ಅವರಿಗೆ ಊಟ ಸೇರಲ್ಲ. ನಾನು ಮರೆತು ಎಷ್ಟು ಬೈಸ್ಕೊಂಡಿದ್ದೀನೋ.”

ತಾನು ಏನು ಹೇಳಿದೆನೆಂದು ಹುಡುಗಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಇನ್‌ಸ್ಪೆಕ್ಟರಿಗೆ ಅವಳ ಮುಖ ನೋಡಲಾಗಲಿಲ್ಲ.

ಮೇಷ್ಟ್ರ ಮನೆ ಕಾಲೇಜಿನ ಹಿಂದಿನ ಬೀದಿಯಲ್ಲೇ ಇತ್ತು. ಬಾಗಿಲು ತೆರೆದ ಅವರ ಅಕ್ಕ, ತಮ್ಮ ನಿನ್ನೆಯಿಂದ ಊಟ ತಿಂಡಿ ಬಿಟ್ಟು ಗೋಡೆ ನೋಡುತ್ತಾ ಕೂತಿದ್ದಾನೆ ಎಂದು ಪೊಲೀಸರಿಗೇ ದೂರು ಕೊಟ್ಟರು. ಒಳಗೆ ಕಿಟಕಿಯ ಅಂಚಿನಲ್ಲಿ ಪ್ರಿಸಂ ಇತ್ತು. ಎದುರು ಗೋಡೆಯ ಮೇಲೆ ಕೆಂಪಿನಿಂದ ನೇರಳೆಯವರೆಗೆ ಬಣ್ಣದ ಪಟ್ಟಿ ಬಿದ್ದಿತ್ತು. ಸೂರ್ಯ ಸರಿದಂತೆ ಅದೂ ಹಾಸಿಗೆಯ ಕಡೆಗೆ ನಿಧಾನವಾಗಿ ಸರಿಯುತ್ತಿತ್ತು. ಆಕಳಿಕೆ ಬೂಟು ಬಿಚ್ಚಿ ಒಳಗೆ ಬಂದು ಅದರಲ್ಲಿ ಅಂಗೈಯೊಡ್ಡಿ ನಿಂತ. ಇನ್‌ಸ್ಪೆಕ್ಟರ್ ಅವನನ್ನು ಗದರಲಿಲ್ಲ.

ಮೇಷ್ಟ್ರು ಏನನ್ನೂ ಮುಚ್ಚಿಡಲಿಲ್ಲ. ಭಾನುವಾರ ತಮ್ಮದೇ ಬೀಗದ ಕೈಯಿಂದ ಒಳಹೋದದ್ದನ್ನು ಒಪ್ಪಿಕೊಂಡರು.

“ಯಾಕೆ ಸರ್?”

“ಅವಳು ಹೋದ್ರೆ ವಿಭಾಗ ಮುಚ್ತಾರೆ. ಇನ್ನೊಂದು ವರ್ಷ ಇರಲಿ ಅನ್ನಿಸ್ತು. ಕಲಿಯೋರಿಗೆ ಒಂದು ವರ್ಷ ಹೆಚ್ಚಾದ್ರೆ ನಷ್ಟ ಏನು ಅಂದ್ಕೊಂಡೆ.”

“ಅವಳಿಗೆ ಕೆಲಸ ಸಿಕ್ಕಿತ್ತು. ಮನೆಯವರು ಅದನ್ನೇ ನಂಬ್ಕೊಂಡು ಕೂತಿದ್ದಾರೆ.”

ಮೇಷ್ಟ್ರು ಗೋಡೆಯ ಬಣ್ಣದ ಪಟ್ಟಿಯಿಂದ ಕಣ್ಣು ತೆಗೆದರು. “ನನಗೆ ಗೊತ್ತಿರ್ಲಿಲ್ಲ,” ಎಂದರು. “ಪಾಠ ಬಿಟ್ಟು ಅವಳ ಹತ್ರ ನಾನು ಬೇರೇನೂ ಕೇಳೇ ಇಲ್ಲ.”

ಸಂಜೆ ನಾಲ್ಕಕ್ಕೆ ಬಂಧಿಸಿದರು. ಮರುದಿನ ಬೆಳಿಗ್ಗೆ ನ್ಯಾಯಾಲಯ ಪ್ರಿಸಮ್ಮನ್ನು ತಾತ್ಕಾಲಿಕವಾಗಿ ಕಾಲೇಜಿಗೆ ಒಪ್ಪಿಸಿತು. ಮೇಷ್ಟ್ರಿಗೆ ಜಾಮೀನೂ ಸಿಕ್ಕಿತು. ಜಾಮೀನುದಾರರನ್ನು ಹುಡುಕಲು ಅಕ್ಕ ಹೊರಟರು. ಮೇಷ್ಟ್ರು ನ್ಯಾಯಾಲಯದ ಜಗುಲಿಯ ಬೆಂಚಿನಲ್ಲಿ ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತಿದ್ದರು. ಪ್ರಿಸಂ ಕಾವಲಿಗೆ ಹೋಗಿದ್ದ ಆಕಳಿಕೆ ಮೂರು ಗಂಟೆಗೆ ಫೋನ್ ಮಾಡಿದ.

“ಹುಡುಗಿ ಪಾಸಂತೆ ಸರ್, ಪರೀಕ್ಷಕರೇ ಹೇಳಿದ್ರಂತೆ,” ಎಂದರು ಇನ್‌ಸ್ಪೆಕ್ಟರ್.

ಮೇಷ್ಟ್ರ ಮುಖ ಅರಳಿತು. ಪಾಸಾದ ಸುದ್ದಿಗೆ ವರ್ಷಾನುಗಟ್ಟಲೆ ಅರಳಿದ ಮುಖ ಅದು, ತಡೆಯಲು ಅವರಿಗೇ ಆಗಲಿಲ್ಲ. ಆಮೇಲೆ ಆ ಸುದ್ದಿಯ ಅರ್ಥ ತಿಳಿದು, ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಆ ವಾರದ ಕೊನೆಗೆ ದೋಷಾರೋಪಣ ಪಟ್ಟಿ ಸಿದ್ಧವಾಯಿತು. ಕೃತ್ಯದ ಉದ್ದೇಶ ಎಂಬಲ್ಲಿ ಇನ್‌ಸ್ಪೆಕ್ಟರ್ ತಾವೇ ಪೆನ್ನು ಹಿಡಿದು ಬರೆದರು: ಇನ್ನೊಂದು ವರ್ಷ ಪಾಠ ಮಾಡುವುದು.